ಸಕ್ಕರೆ ಕಾಯಿಲೆಯ ವಿಚಾರವಾಗಿ ಮಂಜುನಾಥನಿಗೆ

ಮೈಸೂರು

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಎಚ್‌ಬಿಎ1ಸಿ 9.2ಕ್ಕೆ ಏರಿದೆಯೆಂದೂ, ಡಾಕ್ಟರು ಮಾತ್ರೆ ಹೆಚ್ಚಿಸಿರುವುದರಿಂದ ಇನ್ನು ಯೋಚನೆಯಿಲ್ಲವೆಂದು ನೀನು ಹೇಳುತ್ತಿರುವೆಯೆಂದೂ ನಿನ್ನ ತಾಯಿ ತಿಳಿಸಿದಳು. ನನಗೆ ಯೋಚನೆಯಾಗಿರುವುದೇ ಆ ಮಾತಿನಿಂದ. ಆ ಅಂಕಿ ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿದ್ದ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ; ಪರೀಕ್ಷೆಯ ಹಿಂದಿನ ದಿನ ಬಾಯಿ ಕಟ್ಟಿದರೆ ಅದು ಇಳಿಯುವುದಿಲ್ಲ. ಡಾಕ್ಟರು ನಿನ್ನನ್ನು ನೋಡುವುದು ಮೂರು ತಿಂಗಳಿಗೊಮ್ಮೆ, ಕೆಲವೇ ನಿಮಿಷ. ಮಿಕ್ಕ ದಿನಗಳಲ್ಲಿ ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಬೇಕು ಎಂಬುದೆಲ್ಲ ನಿನ್ನ ಕೈಯಲ್ಲೇ ಇದೆ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಯುಕೆಪಿಡಿಎಸ್ ಎಂಬ ಅಧ್ಯಯನದ 2000ರ ವರದಿಯ ಪ್ರಕಾರ, ಈ ಅಂಕಿ ಒಂದರಷ್ಟು ಕಡಿಮೆಯಿದ್ದವರಲ್ಲಿ ಕಣ್ಣು, ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳದ ತೊಂದರೆಗಳು ಶೇ. 37ರಷ್ಟು ಕಡಿಮೆಯಿದ್ದವು.

ನಮ್ಮ ಸೀಮೆಯವರಿಗೆ ರಾಗಿಯ ಮೇಲೆ ಅತಿಯಾದ ಭರವಸೆ. ಅದರಲ್ಲಿ ನಾರಿನಂಶವಿರುವುದು ನಿಜ. ಆದರೆ ರಾಗಿಯೂ ಪಿಷ್ಟವೇ ಆದ್ದರಿಂದ, ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಸಕ್ಕರೆ ಏರದೆ ಇರದು. ಮುದ್ದೆ ಒಂದೇ ಇರಲಿ, ಚಿಕ್ಕದಿರಲಿ. ಉಪ್ಸಾರಿನ ಸೊಪ್ಪು, ಕಾಳು ಧಾರಾಳವಾಗಿರಲಿ. ಕಾಫಿಗೆ ಆಲೆಮನೆಯ ಬೆಲ್ಲ ಹಾಕಿಕೊಂಡರೆ ದೋಷವಿಲ್ಲವೆಂಬುದೂ ಸುಳ್ಳು; ಬೆಲ್ಲದಲ್ಲಿರುವುದು ಬಹುಪಾಲು ಸಕ್ಕರೆಯೇ. ನಾನು ಹೇಳಿದೆನೆಂದು ನಂಬಬೇಕಾಗಿಲ್ಲ. ಊಟಕ್ಕೆ ಮುಂಚೆ ಒಮ್ಮೆ, ಊಟ ಶುರುಮಾಡಿ ಎರಡು ಗಂಟೆಯಾದ ಮೇಲೆ ಒಮ್ಮೆ ಗ್ಲುಕೋಮೀಟರಿನಲ್ಲಿ ನೋಡಿ, ಆ ಹೊತ್ತು ಏನು ಉಂಡೆ ಎಂಬುದರ ಜೊತೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡು. ಹೆಚ್ಚು ಬಂದ ದಿನದ ಅಂಕಿಯನ್ನು ಅನೇಕರು ಬರೆಯದೆ ಬಿಡುತ್ತಾರೆ. ಮಾತ್ರೆಯ ಪ್ರಮಾಣ ಗೊತ್ತುಮಾಡಲು ಡಾಕ್ಟರಿಗೆ ಮುಖ್ಯವಾಗಿ ಬೇಕಾದದ್ದು ಅದೇ.

ಮಾತ್ರೆ ಹೆಚ್ಚಾಗಿರುವುದರಿಂದ ಸಕ್ಕರೆ ತೀರ ಇಳಿಯಲೂಬಹುದು, ಆ ಎಚ್ಚರಿಕೆಯೂ ಬೇಕು. ಗದ್ದೆಯಲ್ಲಿದ್ದಾಗ ಮೈ ಬೆವೆತು ಕೈ ನಡುಗಿ, ಗ್ಲುಕೋಮೀಟರಿನಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ನೋಡು. ಬರಿಗಾಲಿನಲ್ಲಿ ಓಡಾಡುವುದನ್ನಂತೂ ಬಿಡಲೇಬೇಕು. ಈ ಕಾಯಿಲೆಯಿಂದ ಕಾಲಿನ ನರಗಳು ಮಂದವಾದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ಕೀವಾಗುತ್ತದೆ. ಆದ್ದರಿಂದ ದಿನವೂ ರಾತ್ರಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೋ.

ಕಣ್ಣಿನ ಹಿಂಭಾಗದ ಪರದೆಯನ್ನು (ರೆಟಿನಾ) ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ದೃಷ್ಟಿ ಚೆನ್ನಾಗಿದ್ದರೂ ಬಿಡುವಂತಿಲ್ಲ. ನಾಟಿ ಮುಗಿದ ಕೂಡಲೇ ಬಾ, ನಾನೇ ಕರೆದುಕೊಂಡು ಹೋಗುತ್ತೇನೆ. ನೋಟ್‌ಬುಕ್ಕನ್ನೂ ತೆಗೆದುಕೊಂಡು ಬಾ.

ಇಂತಿ,
ನಿನ್ನ ಮಾವ