ಗೂಡು ಮಾರಿದ ಮೇಲೆ ಮಾತೆತ್ತು

ಚಿಕ್ಕಬಳ್ಳಾಪುರ,
ಭಾನುವಾರ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಬರೆದದ್ದನ್ನೆಲ್ಲ ಎರಡು ಸಲ ಓದಿದೆ. ಅಪ್ಪ ಮಾತು ಬಿಟ್ಟಿದ್ದಾರೆ, ಅಮ್ಮ ರಾತ್ರಿ ಊಟ ಬಿಡ್ತಾಳೆ, ಅತ್ತ ನೀನು ಮದುವೆಯಾಗಬೇಕು ಅಂತಿರೋ, ಜರ್ಮನಿಯಲ್ಲಿರೋ ಹುಡುಗ ‘ದಿನಾ ನಿಮ್ಮ ಮನೆಯವರದ್ದೇ ಮಾತಾಯ್ತು’ ಅಂತ ಫೋನ್ ಇಡ್ತಾನೆ. ಮನೆಯ ಜಗಳವನ್ನ ನೀನು ಹಸಿಹಸಿಯಾಗಿ ಅವನಿಗೆ ದಾಟಿಸ್ತಿದ್ದೀಯ ಪುಟ್ಟಿ. ನಿಮ್ಮಿಬ್ಬರ ಮಧ್ಯೆ ಕೆಡ್ತಾ ಇರೋದು ಅಲ್ಲೇ.

ಅಮ್ಮ ರಾತ್ರಿ ಒಂಬತ್ತಕ್ಕೆ ಅಂದ ಮಾತು ಒಂಬತ್ತೂ ಹತ್ತಕ್ಕೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹೋಗಿರುತ್ತೆ. ಅಲ್ಲಿ ಆಗ ಸಂಜೆ ಐದೂ ನಲವತ್ತು, ಅವನಿನ್ನೂ ಕೆಲಸದ ಜಾಗದಲ್ಲಿರ್ತಾನೆ. ನಿನ್ನ ಅಳು ಕೇಳಿಸಿಕೊಂಡು ಅಷ್ಟು ದೂರದಿಂದ ಅವನು ಮಾಡೋದೇನಿದೆ? ಸಿಟ್ಟು ಬರುತ್ತೆ, ನಿಮ್ಮಪ್ಪನ ಬಗ್ಗೆ ಒಂದು ಒರಟು ಮಾತು ಬರುತ್ತೆ. ಬೆಳಿಗ್ಗೆ ಅಮ್ಮನೂ ನೀನೂ ಸರಿಹೋಗಿರ್ತೀರ, ಅವನಾಡಿದ ಮಾತು ಮಾತ್ರ ನಿನ್ನ ಎದೆಯಲ್ಲಿ ಕೂತಿರುತ್ತೆ. ಅದಕ್ಕೇ ಮನೆ ಸುದ್ದಿಗೆ ವಾರಕ್ಕೊಂದು ಹೊತ್ತು ಇಡು: ಭಾನುವಾರ ಮಧ್ಯಾಹ್ನ ಮೂರು ಗಂಟೆ. ಅವನಿಗಾಗ ಬೆಳಿಗ್ಗೆ ಹನ್ನೊಂದೂವರೆ, ರಜೆ ಬೇರೆ. ಅಪ್ಪ ಏನಂದರೋ ಅಷ್ಟನ್ನೇ ಹೇಳು, ಅದಕ್ಕೆ ನೀನು ಹಚ್ಚಿದ ಅರ್ಥ ಬೇಡ. ಉಳಿದ ದಿನ ಊಟ, ಕೆಲಸ, ನಿಮ್ಮಿಬ್ಬರದ್ದೇ ಮಾತು. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕಿಡ್ತಾರೆ. ಅಲ್ಲಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಅಂತರ ನಾಲ್ಕೂವರೆ ಗಂಟೆ ಆಗುತ್ತೆ. ಅದು ಮರೆತು ‘ಹೇಳಿದ ಹೊತ್ತಿಗೆ ಎತ್ತಲಿಲ್ಲ’ ಅಂತ ಮುನಿಸಿಕೊಳ್ಳಬೇಡ.

ಮಹಡಿ ಮೇಲೆ ಕದ್ದು ಮಾತಾಡೋದನ್ನೂ ಬಿಡು. ನಡುಮನೆಯಿಂದ ಏಳುವಾಗ ‘ಅವನ ಹತ್ತಿರ ಮಾತಾಡಿ ಬರ್ತೀನಿ’ ಅಂತ ಹೇಳಿಯೇ ಏಳು. ನಾಲ್ಕು ದಿನ ಮುಖ ಊದಿಸಿಕೊಳ್ತಾರೆ. ಆದರೆ ಕದ್ದು ಆಡಿದ ಮಾತು ಒಂದು ಸಲ ಕಿವಿಗೆ ಬಿದ್ದರೆ ಆಮೇಲೆ ನೀನು ನಿಜ ಹೇಳಿದರೂ ನಂಬಲ್ಲ.

ನಿಮ್ಮಪ್ಪ ‘ಬೇರೆ ಜನ’ ಅಂತಾರೆ. ಜಾತಿ ಅನ್ನೋದು ಅವರ ಮನಸ್ಸಲ್ಲಿ ಇದ್ದೇ ಇದೆ, ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದರೆ ಅದರ ಹಿಂದೆ ಬಾಯಿಬಿಟ್ಟು ಹೇಳದ ಭಯಗಳಿವೆ. ಅಷ್ಟು ದೂರ ಹೋದರೆ ಬಾಣಂತನ ಮಾಡೋರು ಯಾರು ಅನ್ನೋದು ನಿಮ್ಮಮ್ಮನದ್ದು. ತಂಗಿಗೆ ಗಂಡು ಸಿಗುತ್ತೋ ಇಲ್ಲವೋ ಅನ್ನೋದು ಅಪ್ಪನದ್ದು. ತಿಪಟೂರಿನ ಆ ಹುಡುಗನ ಮನೆ ಎಂಥದ್ದು ಅಂತ ನಮ್ಮ ಕಡೆ ಒಬ್ಬರಿಗೂ ಗೊತ್ತಿಲ್ಲ. ‘ಅವನು ಒಳ್ಳೆಯವನು’ ಅಂತ ನೀನು ನೂರು ಸಲ ಹೇಳಿದರೂ ಇದ್ಯಾವುದಕ್ಕೂ ಉತ್ತರ ಸಿಗಲ್ಲ. ಅಲ್ಲಿ ಎಷ್ಟು ವರ್ಷ ಇರ್ತಾನೆ, ಸಂಬಳ ಎಷ್ಟು, ಸಾಲ ಎಷ್ಟು, ಊರಿಗೆ ಯಾವಾಗ ಬರ್ತಾನೆ, ಎಲ್ಲ ಕೇಳಿ ಬರೆದಿಟ್ಟುಕೋ. ಎಲ್ಲಕ್ಕಿಂತ ಮುಂಚೆ ಅವನು ಅವರ ಮನೆಯಲ್ಲಿ ಹೇಳಿರಬೇಕು. ನಿಮ್ಮಪ್ಪ ಕೇಳೋ ಮೊದಲ ಮಾತೇ ‘ಅವರ ಮನೇಲಿ ಏನಂತಾರೆ?’ ಅಂತ. ಅದಕ್ಕೆ ನೀನು ತಡವರಿಸಿದರೆ ಮಾತು ಅಲ್ಲಿಗೇ ಮುಗೀತು.

ಮದುವೆ ಮಾತು ಯಾವಾಗ ಎತ್ತಬೇಕು ಅಂತ ಕೇಳಿದ್ದೀಯ. ರೇಷ್ಮೆ ಮನೆಯಲ್ಲಿ ಹುಟ್ಟಿದ ನಿನಗೆ ಇದು ತಿಳಿಯಬೇಕಿತ್ತು. ಹೋದ ಸಲ ನೀನು ಹೇಳಿದ್ದು ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೂರನೇ ದಿನ. ಒಂದು ಬೆಳೆಗೆ ತಿನ್ನೋ ಸೊಪ್ಪಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಖಾಲಿಯಾಗುತ್ತೆ. ಅಪ್ಪ ಅಮ್ಮ ಇಬ್ಬರೂ ಸರಿಯಾಗಿ ನಿದ್ದೆ ಮಾಡಿರಲ್ಲ. ಸೊಪ್ಪಿನ ಹೊರೆ ತಲೆ ಮೇಲಿರೋ ಮನುಷ್ಯನ ಮುಂದೆ ಮದುವೆ ಮಾತು ಎತ್ತಿದರೆ ಏನಾಗಬೇಕೋ ಅದೇ ಆಯ್ತು. ಹುಳು ಹಣ್ಣಾಗಿ ಗೂಡು ಕಟ್ಟೋ ಚಂದ್ರಂಕಿ ತಟ್ಟೆಗೆ ಹತ್ತಲಿ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ದುಡ್ಡು ಕೈಗೆ ಬರಲಿ. ದರ ಬಿದ್ದಿದ್ದರೆ ಇನ್ನೂ ಎರಡು ದಿನ ತಡಿ. ಹುಳುಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆದು, ಮುಂದಿನ ಬೆಳೆಯ ಚಾಕಿ ಹುಳು, ಅಂದರೆ ಮರಿಹುಳು, ಬರೋವರೆಗೆ ಮನೆಯಲ್ಲಿ ಸ್ವಲ್ಪ ಬಿಡುವಿರುತ್ತೆ. ಆ ಬಿಡುವೇ ನಿನ್ನದು.

ನೇರವಾಗಿ ಅಪ್ಪನ ಹತ್ತಿರ ಹೋಗೋಕೆ ಮುಂಚೆ ನಿಮ್ಮ ಚಿಕ್ಕಪ್ಪನಿಗೆ ಹೇಳು. ಡೈರಿಗೆ ಹಾಲು ಹಾಕೋಕೆ ಅಣ್ಣತಮ್ಮ ಜೊತೆಗೇ ಹೋಗ್ತಾರಲ್ಲ, ಆ ದಾರಿಯಲ್ಲಿ ಅಪ್ಪ ಒಪ್ಪಿಕೊಳ್ಳೋವಷ್ಟು ಮನೆಯಲ್ಲಿ ಒಪ್ಪಿಕೊಳ್ಳಲ್ಲ. ಪಕ್ಕದ ಮನೆಯವರು, ನಿನ್ನ ಸ್ನೇಹಿತೆಯರು ಯಾರೂ ಮಧ್ಯೆ ಬರೋದು ಬೇಡ.

ಇನ್ನೊಂದು, ಇದನ್ನ ಗಟ್ಟಿಯಾಗಿ ಹಿಡಿದುಕೋ. ಬೇರೆ ಗಂಡು ನೋಡೋಕೆ ಬರ್ತಾರೆ ಅಂದರೆ, ನಿನ್ನ ಫೋಟೋ, ಜಾತಕ ಮನೆಯಿಂದ ಹೊರಗೆ ಹೋಗೋಕೆ ಮುಂಚೆಯೇ ‘ಬೇಡ’ ಅನ್ನು. ಸೀರೆ ಉಟ್ಟು ಕಾಫಿ ಕೊಟ್ಟು ಕೂತು ಆಮೇಲೆ ಬೇಡ ಅಂದರೆ ನಿಮ್ಮಪ್ಪನಿಗೆ ನಾಲ್ಕು ಜನರ ಮುಂದೆ ಅವಮಾನ. ಆ ಗಾಯ ಬೇಗ ಮಾಯಲ್ಲ, ಆ ಸಿಟ್ಟೆಲ್ಲ ಆ ಹುಡುಗನ ಮೇಲೇ ಹೋಗುತ್ತೆ.

ಅವನು ಮೂರು ವಾರದ ರಜೆಗೆ ಬಂದಾಗ ಮೊದಲು ಅವರ ಮನೆಯಲ್ಲಿರಲಿ. ಆಮೇಲೆ ಅವರಮ್ಮನನ್ನೋ ಒಬ್ಬ ಹಿರಿಯರನ್ನೋ ಕರಕೊಂಡು ಇಲ್ಲಿ ನಮ್ಮ ಮನೆಗೆ ಬರಲಿ, ನಿಮ್ಮಪ್ಪ ಅಮ್ಮನನ್ನ ನಾನು ಕರೆಸ್ತೀನಿ. ಊಟದ ಹೊತ್ತಿಗೆ ಬೇಡ, ಕಾಫಿ ಹೊತ್ತಿಗೆ. ಊಟಕ್ಕೆ ಅಂದರೆ ಒಪ್ಪಿದ ಹಾಗಾಯ್ತು ಅಂತ ನಿಮ್ಮಪ್ಪ ಬರೋದೇ ಇಲ್ಲ. ಹೂವು, ಹಣ್ಣು, ಅವರ ತೋಟದ ನಾಲ್ಕು ತೆಂಗಿನಕಾಯಿ ಸಾಕು, ಫಾರಿನ್ ಸೆಂಟು ಗಿಂಟು ತರೋದು ಬೇಡ. ಮೊದಲ ದಿನ ಮದುವೆ ಮಾತೂ ಬೇಡ. ಇವರು ಗೂಡಿನ ದರ, ಅವನು ಕೊಬ್ಬರಿ ದರ ಮಾತಾಡಿ ಎದ್ದರೂ ನನಗೆ ಸಂತೋಷ.

ಕಾನೂನಿನ ವಿಷಯ ನಿನಗೆ ತಿಳಿದಿರಲಿ, ಅಪ್ಪನ ಮುಂದೆ ಬೆದರಿಕೆಯಾಗಿ ಎತ್ತಬೇಡ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಮನೆಯವರ ಒಪ್ಪಿಗೆ ಬೇಕೇ ಬೇಕು ಅಂತಿಲ್ಲ. 2021ರ ಫೆಬ್ರವರಿಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗೋದಾದರೆ ನಿಮ್ಮಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇದ್ದಿರಬೇಕು. ನೋಟಿಸ್ ಹಾಕಿದ ಮೇಲೆ 30 ದಿನ ಕಾಯಬೇಕು, 3 ತಿಂಗಳೊಳಗೆ ಮೂವರು ಸಾಕ್ಷಿಗಳ ಮುಂದೆ ಮುಗಿಸಬೇಕು. ಮೂರು ವಾರದ ರಜೆಗೆ ಇದು ಹೊಂದಲ್ಲ. ಆ ನೋಟಿಸನ್ನ ಕಚೇರಿಯಲ್ಲಿ ಎಲ್ಲರ ಕಣ್ಣಿಗೂ ಬೀಳೋ ಹಾಗೆ ಅಂಟಿಸ್ತಾರೆ. ಜಮೀನು ರಿಜಿಸ್ಟರ್ ಮಾಡಿಸೋಕೆ ಹೋದವರು ಓದಿಕೊಂಡು ಬಂದು ನಿಮ್ಮಪ್ಪನಿಗೆ ಹೇಳೋ ಹಾಗೆ ಆಗಬಾರದು. ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ. ನಿಮ್ಮ ಮನೆಯವರು ಅಂಥವರಲ್ಲ, ಆದರೂ ಯಾರಾದರೂ ಕೂಡಿಹಾಕಿದರೆ, ಕೈ ಎತ್ತಿದರೆ ತುರ್ತು ನಂಬರ್ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು. ಆಮೇಲೆ ನನಗೆ ಮಾಡು, ಎಷ್ಟೇ ಹೊತ್ತಾಗಿರಲಿ.

ಈ ಸಲದ ಹುಳು ಚಂದ್ರಂಕಿಗೆ ಹತ್ತಿದ ದಿನ ತಿಳಿಸು. ಗೂಡು ಬಿಡಿಸೋಕೆ ಕೈ ಸಾಲದು ಅಂತ ನಿಮ್ಮಮ್ಮ ಹೇಗೂ ಕರೀತಾಳೆ. ಬಂದು ಎರಡು ದಿನ ಇರ್ತೀನಿ.

ಇಂತಿ,
ನಿನ್ನ ದೊಡ್ಡಮ್ಮ