ಕೋಡಿ ಒಡೆದವರ ಪರವಾಗಿ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಶರಣು.

ಹೋದ ತಿಂಗಳು ತಾಲ್ಲೂಕು ಕೇಂದ್ರದ ಕಾರ್ಯಕ್ರಮವೊಂದರಲ್ಲಿ, ತಾವು ಬರುವ ಮೊದಲು, ಅತಿಥಿಯೊಬ್ಬರು ಮೈಕ್ ಹಿಡಿದು ‘ಸರ್ಕಾರ ಎಷ್ಟು ಖರ್ಚು ಮಾಡಿದರೂ ಈ ಕಡೆ ಜನಕ್ಕೆ ಕೆರೆ, ಕಾಡು ನಮ್ಮವು ಅನ್ನೋ ಭಾವನೆನೇ ಇಲ್ಲ’ ಎಂದರು. ಕಟ್ಟಿಕೊಟ್ಟ ಕೋಡಿಯನ್ನೇ (ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕಟ್ಟೆ) ಹಾರೆ ಹಾಕಿ ಒಡೆಯುತ್ತಾರೆ ಎಂದು ಉದಾಹರಣೆಯನ್ನೂ ಕೊಟ್ಟರು. ಅದು ನಮ್ಮೂರ ಕೋಡಿ. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ಮಾತಾಡಬೇಕಿತ್ತು, ಬಾಯಿ ಬರಲಿಲ್ಲ. ಅದಕ್ಕೇ ಈ ಪತ್ರ.

ಕೆರೆ ದುರಸ್ತಿಗೆ ದುಡ್ಡು ಬಂದಾಗ ಹಳೆಯ ಕೋಡಿಯ ಮೇಲೆ ಒಂದೂವರೆ ಅಡಿ ಕಾಂಕ್ರೀಟ್ ಏರಿಸಿದರು. ಹೂಳು ತೆಗೆಯುವುದಕ್ಕಿಂತ ಅದು ಸಲೀಸು. ನೀರಿನ ಸಂಗ್ರಹ ಹೆಚ್ಚಾಯಿತು ಎಂದು ಕಾಗದದ ಮೇಲೆ ತೋರಿಸಲೂ ಬರುತ್ತದೆ. ಊರ ಹಿರಿಯರೊಬ್ಬರು ಅವತ್ತೇ ‘ಹಳೇ ಕೋಡಿ ಎತ್ತರ ಸುಮ್ಮನ ಇಟ್ಟಿಲ್ಲಪಾ, ಮ್ಯಾಲಿನವರ ಹೊಲದ ಬದು ನೋಡಿ ಇಟ್ಟಾರ’ ಅಂದಿದ್ದರು. ಅಂದದ್ದು ಜೆಸಿಬಿ ಡ್ರೈವರನಿಗೆ. ಕೇಳಿಸಿಕೊಳ್ಳಲು ಅಲ್ಲಿದ್ದವನು ಅವನೊಬ್ಬನೇ.

ಮಳೆ ಚೆನ್ನಾಗಿಯೇ ಆಯಿತು. ಕೆರೆ ತುಂಬಿ ಹಿನ್ನೀರು ಮೇಲಿನ ಹೊಲಗಳಿಗೆ ಹೊಕ್ಕಿತು. ಗೋವಿನಜೋಳ ಮೊಣಕಾಲುದ್ದ ಬಂದಿತ್ತು. ಮೂರು ದಿನ ನೀರಲ್ಲಿ ನಿಂತ ಬೆಳೆ ತಾವೂ ಕಂಡಿರುತ್ತೀರಿ. ಕೆಳಗಿನ ಎಲೆ ಹಳದಿಗೆ ತಿರುಗಿ, ಹಿಡಿದೆಳೆದರೆ ಬುಡಸಮೇತ ಕೈಗೆ ಬರುತ್ತದೆ, ಬೇರು ನಾರುತ್ತಿರುತ್ತದೆ. ನಾಲ್ಕನೆಯ ರಾತ್ರಿ ಕೋಡಿ ಒಡೆಯಿತು. ಯಾರು ಒಡೆದರು ಎಂಬುದು ಊರಿಗೆಲ್ಲ ಗೊತ್ತು. ವಿಚಾರಣೆಗೆ ಬಂದವರಿಗೆ ಮಾತ್ರ ಯಾರೂ ಹೇಳಲಿಲ್ಲ. ನೀರು ಕಳೆದುಕೊಂಡ, ಕೆರೆ ಕೆಳಗಿನ ಅಚ್ಚುಕಟ್ಟಿನ ರೈತರೂ ಹೇಳಲಿಲ್ಲ. ದಯವಿಟ್ಟು ಇದನ್ನು ಗಮನಿಸಿ. ನೀರು ಹೋದವರೇ ಒಡೆದವರನ್ನು ಬಿಟ್ಟುಕೊಡದಿದ್ದರೆ, ತಪ್ಪು ಎಲ್ಲಿದೆ ಎಂದು ಊರು ಮೊದಲೇ ತೀರ್ಮಾನ ಮಾಡಿದೆ ಎಂದರ್ಥ. ಮೇಲಿನವರನ್ನೂ ಕೆಳಗಿನವರನ್ನೂ ಒಂದು ಸಂಜೆ ಕೆರೆ ಒಡ್ಡಿನ ಮೇಲೆ ಕೂಡಿಸಿ ಕೇಳಿದ್ದರೆ ಆ ಕಾಂಕ್ರೀಟೇ ಬೀಳುತ್ತಿರಲಿಲ್ಲ.

ಹಾಗೆ ಕೂಡಿಸಲಿಕ್ಕೆಂದೇ ಒಂದು ಸಂಘ ಇತ್ತಲ್ಲ ಎಂದು ತಾವು ಕೇಳಬಹುದು. ಇತ್ತು, ನಾನೇ ಅದರ ಕಾರ್ಯದರ್ಶಿ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ಜಲಸಂವರ್ಧನೆ ಹೆಸರಿನಲ್ಲಿ ಶುರುವಾಗಿ ಹಾವೇರಿ ಜಿಲ್ಲೆಗೂ ಬಂತು. ಊರವರೇ ಸಂಘ ಕಟ್ಟಬೇಕು, ವಂತಿಗೆ ಹಾಕಬೇಕು, ಆಮೇಲೆ ಕೆರೆಯನ್ನು ತಾವೇ ನೋಡಿಕೊಳ್ಳಬೇಕು ಎಂಬುದು ಅದರ ಕ್ರಮ. ಕ್ರಮ ಒಳ್ಳೆಯದೇ. ಆದರೆ ನಮ್ಮಲ್ಲಿ ವಂತಿಗೆ ಪೂರ್ತಿ ಕೂಡಲಿಲ್ಲ, ಉಳಿದದ್ದನ್ನು ಗುತ್ತಿಗೆದಾರನೇ ತುಂಬಿದ. ಆವತ್ತಿನಿಂದ ಕೆಲಸ ಅವನದಾಯಿತು, ನಮ್ಮದು ಸಹಿ ಅಷ್ಟೇ. ಅದಕ್ಕೆ ಒಪ್ಪಿದವರು ನಾವು, ಮುಚ್ಚಿಡುವುದಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ: ನನ್ನ ಹೊಲದಲ್ಲಿ ಬೋರಿಗೆ ನೀರು ಬಿದ್ದ ವರ್ಷದಿಂದ ನಾನೂ ಸಭೆಗೆ ಹೋಗುವುದು ಕಡಿಮೆ ಮಾಡಿದೆ. ಬೋರಿನ ನೀರೂ ಕೆರೆಯಿಂದಲೇ ಇಂಗಿ ಬರುತ್ತದೆಂದು ಅರ್ಥವಾಗಿದ್ದು ಕೆರೆ ಒಣಗಿದ ಬೇಸಿಗೆಯಲ್ಲಿ ಬೋರೂ ಕೆಮ್ಮತೊಡಗಿದಾಗ. ಈಗ ಸಂಘದ ಠರಾವು ಪುಸ್ತಕ, ಶಿಕ್ಕಾ, ಪಾಸ್‌ಬುಕ್ ಮೂರೂ ನಮ್ಮನೆ ಟ್ರಂಕಿನಲ್ಲಿವೆ.

ಇಷ್ಟರಿಂದ ಜನಕ್ಕೆ ಭಾವನೆಯೇ ಇಲ್ಲ ಎನ್ನುವುದಾದರೆ, ಇದೇ ಹಾನಗಲ್ಲ ತಾಲ್ಲೂಕಿನ ಕುಸನೂರನ್ನು ಎಲ್ಲಿಡುವುದು? 1984ರಲ್ಲಿ ಸರ್ಕಾರವೂ ಮರದಿಂದ ತಿರುಳು ತೆಗೆಯುವ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿಕೊಂಡು, ದನ ಮೇಯುವ, ಕಟ್ಟಿಗೆ ಆಯುವ ಸುಮಾರು 30 ಸಾವಿರ ಹೆಕ್ಟೇರ್ ಜಮೀನನ್ನು ನೀಲಗಿರಿಗೆ ಎತ್ತಿಟ್ಟವು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದೇ ಅದರ ಹೆಸರು. (ನಮ್ಮ ಕಡೆ ಗಿಡ ನೆಡುವುದಿಲ್ಲ, ಹಚ್ಚುತ್ತೇವೆ.) ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸಂಘಟನೆಯ ಎಸ್.ಆರ್. ಹಿರೇಮಠರು ಮುಂದೆ ನಿಂತರು, ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. 1991ರಲ್ಲಿ ಕಂಪನಿ ಮುಚ್ಚಿತು. ಅದಕ್ಕೆ ಯಾರೂ ಅರಿವು ಕಾರ್ಯಾಗಾರ ಮಾಡಿರಲಿಲ್ಲ, ಚಹಾ ಬಿಸ್ಕೀಟೂ ಇರಲಿಲ್ಲ. ಕಪ್ಪತಗುಡ್ಡದ ಸಂರಕ್ಷಣಾ ಮೀಸಲು ಪಟ್ಟವನ್ನು 2016ರಲ್ಲಿ ಸರ್ಕಾರ ಹಿಂತೆಗೆದಾಗ ಗದಗಿನಲ್ಲಿ ಜನ ಬೀದಿಗಿಳಿದು ಅದನ್ನು ಮರಳಿ ಪಡೆದದ್ದು ತಮಗೆ ಗೊತ್ತೇ ಇದೆ.

1993ರಿಂದ ಅರಣ್ಯದಲ್ಲೂ ಜನರ ಪಾಲುದಾರಿಕೆ ಬಂತು. ಗ್ರಾಮ ಅರಣ್ಯ ಸಮಿತಿಗೆ ಅಧ್ಯಕ್ಷ ಊರವನು, ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್, ಬ್ಯಾಂಕ್ ಖಾತೆ ಇಬ್ಬರದೂ ಜಂಟಿ. ಸಭೆ ಯಾವಾಗ ಕರೆಯುತ್ತಾರೆ ಎಂದು ಅಧ್ಯಕ್ಷನೇ ಫಾರೆಸ್ಟರನ್ನು ಕೇಳಬೇಕಾದರೆ ಅದು ಯಾರ ಸಮಿತಿ? ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರ ತಿಳಿವಳಿಕೆಯನ್ನು ಪುಸ್ತಕದಲ್ಲಿ ದಾಖಲಿಸಬೇಕಾದ ಜೀವವೈವಿಧ್ಯ ಸಮಿತಿಯದು ಇನ್ನೊಂದು ನಮೂನೆ. ದಾಖಲಾತಿ ಮುಗಿಸದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕಾದೀತು ಎಂದು 2019ರಲ್ಲಿ ಹಸಿರು ನ್ಯಾಯಮಂಡಳಿ ಅಂದ ಮೇಲೆ ನಮ್ಮಲ್ಲೂ ಪುಸ್ತಕ ತಯಾರಾಯಿತು. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಸೊಪ್ಪು ಅರೆದು ಕುಡಿಸುವ ಅಜ್ಜಿ ನಮ್ಮ ಓಣಿಯಲ್ಲೇ ಇದ್ದಾಳೆ. ಅವಳನ್ನು ಯಾರೂ ಕೇಳಲಿಲ್ಲ.

ಮೊನ್ನೆ ಅವಳ ಸೊಸೆಗೆ, ಸಭೆಗೆ ಯಾಕೆ ಬರುವುದಿಲ್ಲ ಅಂದೆ. ‘ಹನ್ನೊಂದಕ್ಕ ಕರೀತೀರಿ. ಆ ಹೊತ್ತಿಗೆ ನಾ ಹೊಲದಾಗ ಕಸ ತೆಗೀತಿರ್ತೇನಿ, ಕೂಲಿ ನೀವು ಕೊಡ್ತೀರೇನಣ್ಣಾ?’ ಅಂದಳು.

ತಮ್ಮಲ್ಲಿ ಕೇಳುವುದು ದುಡ್ಡಲ್ಲ. ಕೆರೆಯ ಯಾವುದೇ ಕೆಲಸದ ಅಂದಾಜು ಪಟ್ಟಿಯನ್ನು ಮೊದಲು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ, ಮೇಲಿನ ಹೊಲದವರೂ ಅಲ್ಲಿರಲಿ. ಸಂಘ ನೋಡಿ ಒಪ್ಪದೆ ಗುತ್ತಿಗೆದಾರನ ಬಿಲ್ ಆಗುವುದು ಬೇಡ. ಮೀನು ಹರಾಜಿನ ಹಣದಲ್ಲಿ ಒಂದು ಪಾಲು ಕೆರೆಗೇ ಬರಲಿ, ತೂಬಿಗೆ ಗ್ರೀಸ್ ಹಚ್ಚಲು ಮನೆಮನೆಗೆ ಪಟ್ಟಿ ಎತ್ತುವುದು ತಪ್ಪುತ್ತದೆ. ಇದಿಷ್ಟಾದರೆ ಎಲ್ಲರೂ ಓಡಿ ಬರುತ್ತಾರೆಂದು ನಾನು ಹೇಳುವುದಿಲ್ಲ. ಬೋರ್ ಇದ್ದವರು ತಡ ಮಾಡಿಯೇ ಬರುತ್ತಾರೆ, ನನ್ನ ಹಾಗೆ.

ಒಡೆದ ಕೋಡಿ ಇನ್ನೂ ಹಾಗೇ ಇದೆ, ಸದ್ಯಕ್ಕೆ ಮರಳಿನ ಚೀಲ ಒಟ್ಟಿದ್ದೇವೆ. ತಾವು ಬಂದು ನೋಡಬೇಕು. ಬರುವುದಾದರೆ ಸಂಜೆ ಆರರ ಮೇಲೆ ಬನ್ನಿ, ಹೊಲಕ್ಕೆ ಹೋದ ಹೆಣ್ಣುಮಕ್ಕಳು ಅಷ್ಟರಲ್ಲಿ ತಿರುಗಿ ಬಂದಿರುತ್ತಾರೆ. ಠರಾವು ಪುಸ್ತಕ ತೆಗೆದಿಟ್ಟಿರುತ್ತೇನೆ.

ಇಂತಿ,
ಕೆರೆ ಸಂಘದ ಕಾರ್ಯದರ್ಶಿ
ಹಾನಗಲ್ಲ ತಾಲ್ಲೂಕು, ಹಾವೇರಿ ಜಿಲ್ಲೆ