ಸೀನನಿಗೊಂದು ಪತ್ರ: ಕೋಡಿ ಇಲ್ಲದ ಕೆರೆಗೆ ಒಂದು ದಿನ

ಲೋ ಸೀನ,

ನೀನು ಕಳಿಸಿದ ಸ್ವಿಟ್ಜರ್ಲೆಂಡ್ ಪ್ರವಾಸದ ಎಕ್ಸೆಲ್ ಶೀಟ್ ನೋಡಿದೆ. ಶನಿವಾರ ಬೆಳಗ್ಗೆ ಲುಸರ್ನ್, ಮಧ್ಯಾಹ್ನ ಟಿಟ್ಲಿಸ್, ಸಂಜೆ ಇಂಟರ್‌ಲಾಕೆನ್. ಭಾನುವಾರ ಯುಂಗ್‌ಫ್ರಾವ್‌ಯೋಖ್, ರಾತ್ರಿಗೆ ವಾಪಸ್ ಮ್ಯೂನಿಕ್. ಇದು ಪ್ರವಾಸ ಅಲ್ಲ ಕಣೋ, ಅಂಚೆಯಣ್ಣನ ಲೈನು. ಎಲ್ಲ ಕಡೆ ಒಂದೊಂದು ಸೆಲ್ಫಿ ಹಾಕಿ ಸೈನ್ ಮಾಡಿಸಿಕೊಂಡು ಬರುವುದು.

ಭಾನುವಾರ ನಿನ್ನಿಷ್ಟ. ಶನಿವಾರ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೆ ಪೂರ್ತಿ ನನಗೆ ಕೊಡು. ಓಶಿನೆನ್‌ಸೇ ಅಂತ ಒಂದು ಕೆರೆ ಇದೆ, ಕಾಂಡರ್‌ಸ್ಟೆಗ್ ಅನ್ನೋ ಊರಿನ ಮೇಲೆ. ನಮ್ಮ ಬರ್ನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. 'ಸೇ' ಅಂದ್ರೇ ಕೆರೆ, ಸರೋವರ. ನಾನು ಕೆರೆ ಅಂತಲೇ ಅನ್ನುತ್ತೇನೆ. ಚನ್ನಗಿರಿಯವನಾದ ನಿನಗೆ ಕೆರೆ ಅಂದ್ರೆ ಏನು ಅಂತ ನಾನು ಹೇಳಬೇಕಾ? ಸೂಳೆಕೆರೆ ಏರಿ ಮೇಲೆ ನಿಂತು, ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ ಅಂತ ನನಗೆ ಪಾಠ ಮಾಡಿದವನು ನೀನೇ. ಅದಕ್ಕೇ ಈ ಕೆರೆಯನ್ನು ನಿನಗೆ ತೋರಿಸಬೇಕು ಅಂತ ಆಸೆ. ಇದಕ್ಕೆ ಏರಿ ಇದೆ, ಕೋಡಿ ಇಲ್ಲ.

ಏರಿ ಕಟ್ಟಿದ್ದು ಯಾವ ರಾಜನೂ ಅಲ್ಲ. ಬಹಳ ಹಿಂದೆ ಗುಡ್ಡ ಜರಿದು ಕಣಿವೆಗೆ ಅಡ್ಡ ಬಿತ್ತು. ಸುತ್ತಲಿನ ಹಿಮನದಿಗಳಿಂದ ಇಳಿಯುವ ತೊರೆಗಳ ನೀರು ಅದರ ಹಿಂದೆ ನಿಂತಿತು. ನಿಂತ ನೀರು ಹೊರಗೆ ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಬಿದ್ದ ಬಂಡೆರಾಶಿಯ ಒಳಗೇ ಬಸಿದು, ಕೆಳಗೆಲ್ಲೋ ಊಟೆಯಾಗಿ ಏಳುತ್ತದೆ. ಆ ನೀರನ್ನೇ ಊರಿನವರು ಕುಡಿಯುತ್ತಾರೆ, ಅದರಿಂದಲೇ ಕರೆಂಟೂ ತೆಗೆಯುತ್ತಾರೆ. ಕೆರೆಯ ಆಳ 56 ಮೀಟರ್. ನಾನು ಮೊದಲ ಸಲ ಹೋದಾಗ ಕೋಡಿ ಹುಡುಕಿಕೊಂಡು ದಡದಲ್ಲೇ ಅರ್ಧ ಗಂಟೆ ಅಲೆದಿದ್ದೆ. ನೀನಿದ್ದರೆ ಹತ್ತೇ ನಿಮಿಷದಲ್ಲಿ 'ತಳದಲ್ಲಿ ಸೋರ್ತಿದೆ ಬಿಡು' ಅನ್ನುತ್ತಿದ್ದೆ.

ಎತ್ತರದ ಬಗ್ಗೆ ಭಯ ಬೇಡ. ಆಲ್ಪ್ಸ್ ಅಂದ ತಕ್ಷಣ ನಿನ್ನ ಹೆಂಡತಿ ಆಕ್ಸಿಜನ್ ಸಿಲಿಂಡರ್ ಬಗ್ಗೆ ಕೇಳಿದಳಂತೆ. ಕೆರೆ ಇರುವುದು 1,578 ಮೀಟರ್‌ನಲ್ಲಿ. ನಾವು ಕಾಲೇಜಿನಲ್ಲಿದ್ದಾಗ ಹತ್ತಿದ ಕುಮಾರಪರ್ವತವೇ 1,712 ಮೀಟರ್! ಕೆರೆಯ ಮೇಲಿನ ದಾರಿ ಕುಮಾರಪರ್ವತಕ್ಕಿಂತ ಇನ್ನೂರೈವತ್ತು ಮೀಟರ್ ಜಾಸ್ತಿ ಏರಿ, ಮುಳ್ಳಯ್ಯನಗಿರಿಗಿಂತ ಚೂರು ಮೇಲೆ ಹೋಗಿ ನಿಲ್ಲುತ್ತದೆ. ಅಷ್ಟೇ. ಬೇರೆ ಅನ್ನಿಸುವುದು ಸುತ್ತಲಿನ ಗೋಡೆ. ಬ್ಲೂಮ್ಲಿಸಾಲ್ಪ್‌ಹಾರ್ನ್ 3,661, ಡೋಲ್ಡನ್‌ಹಾರ್ನ್ 3,638. ಅಂದರೆ ನೀರಿನ ಅಂಚಿನಿಂದ ಕತ್ತೆತ್ತಿದರೆ ಎರಡು ಸಾವಿರ ಮೀಟರ್ ಕಲ್ಲು, ಅದರ ನೆತ್ತಿಗೆ ಮಂಜು. ಜಿಗಣೆ ಒಂದೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಈಗ ಪ್ಲಾನ್. ಕಾಲಿಗಿಂತ ಗಡಿಯಾರದ ಬಗ್ಗೆ ಹೇಳುವುದೇ ಜಾಸ್ತಿ ಇದೆ, ಬೇಜಾರು ಮಾಡ್ಕೋಬೇಡ. ಕುಮಾರಪರ್ವತದಿಂದ ಇಳಿಯುವಾಗ ಏನಾಯಿತು ನೆನಪಿದೆಯಲ್ಲ? 'ಇನ್ನು ಅರ್ಧ ಗಂಟೆ ಕೂರೋಣ' ಅಂತ ನೀನೇ ಅಂದೆ, ನಾನೂ ಹೂಂ ಅಂದೆ. ಆಮೇಲೆ ನಾಲ್ಕು ಜನಕ್ಕೆ ಒಂದೇ ಟಾರ್ಚ್. ಗಿರಿಗದ್ದೆ ಮುಟ್ಟುವಷ್ಟರಲ್ಲಿ ಅದರ ಸೆಲ್ಲೂ ಹೋಗಿತ್ತು. ಅಲ್ಲಿ ಉಂಡ ಸಾರು-ಅನ್ನದ ರುಚಿ ಇನ್ನೂ ನಾಲಿಗೆ ಮೇಲಿದೆ. ಆದರೆ ಇಲ್ಲಿ ಆ ತರಹದ ಅನ್ನ ಹಾಕುವವರು ರಾತ್ರಿ ಎಂಟಕ್ಕೆ ಸಿಗುವುದಿಲ್ಲ.

ಬೆಳಗ್ಗೆ ಏಳರ ಸುಮಾರಿನ ರೈಲು. ಸೆಪ್ಟೆಂಬರ್ ಮಧ್ಯದಲ್ಲಿ ಆಗ ತಾನೇ ಬೆಳಕು ಹರಿಯುತ್ತಿರುತ್ತದೆ. ರೈಲಿನ ವಿಷಯದಲ್ಲಿ ಒಂದು ಎಚ್ಚರಿಕೆ, ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಈ ಬೆಟ್ಟಸಾಲಿನ ಅಡಿಯಲ್ಲಿ ಎರಡು ಸುರಂಗ ಇವೆ. ಹಳೆಯದು 1913ರದ್ದು, 14.6 ಕಿಲೋಮೀಟರ್, ಕಾಂಡರ್‌ಸ್ಟೆಗ್ ಊರಿನ ಪಕ್ಕದಿಂದಲೇ ಒಳಹೋಗುತ್ತದೆ. ಹೊಸದು 2007ರದ್ದು, ಕೆಳಗೆ ತಳಮಟ್ಟದಲ್ಲೇ ಕೊರೆದದ್ದು, 34.6 ಕಿಲೋಮೀಟರ್. ಇಂಟರ್‌ಸಿಟಿ ರೈಲುಗಳು ಈ ಹೊಸ ಸುರಂಗದಲ್ಲಿ ನುಗ್ಗುತ್ತವೆ, ಕಾಂಡರ್‌ಸ್ಟೆಗ್ ಕಡೆ ತಲೆಯನ್ನೇ ಹಾಕುವುದಿಲ್ಲ. ಮೊದಲ ವರ್ಷ ನಾನು ಫಾಸ್ಟ್ ರೈಲು ಬೇಗ ಹೋಗುತ್ತದೆ ಅಂತ ಹತ್ತಿ ಕೂತೆ. ಸ್ಪೀಟ್ಸ್‌ನಲ್ಲಿ ಇಳಿದು ಬದಲಾಯಿಸಬೇಕಿತ್ತು. ಕಣ್ಣು ಹತ್ತಿಬಿಟ್ಟಿತು. ಎಚ್ಚರವಾದಾಗ ಕಿವಿ ಗುಂಯ್ ಅನ್ನುತ್ತಿತ್ತು, ಹೊರಗೆ ಕತ್ತಲೆ. ಬೆಳಕು ಬಂದಾಗ ಬೆಟ್ಟದ ಆಚೆ ಬದಿ, ಫಿಸ್ಪ್ ಸ್ಟೇಷನ್. ಬ್ರಿಗ್‌ಗೆ ಹೋಗಿ ಹಳೇ ದಾರಿಯ ರೈಲು ಹಿಡಿದು ಬೆಟ್ಟ ಸುತ್ತಿ ವಾಪಸ್ ಬಂದೆ. ಆ ಹಳೇ ದಾರಿ ಮಾತ್ರ ಬಹಳ ಚೆನ್ನಾಗಿದೆ, ಇಡೀ ರೋನ್ ಕಣಿವೆ ಕಿಟಕಿಯ ಕೆಳಗೆ ಬಿದ್ದಿರುತ್ತದೆ. ಆದರೆ ಕೆರೆ ನೋಡುವ ದಿನ ಅಲ್ಲ ಅದು.

ಆದ್ದರಿಂದ ನಾವು ಹಿಡಿಯುವುದು ನಿಧಾನದ ರೈಲು. ಅದರಲ್ಲೂ ಒಂದು ಕಿತಾಪತಿ ಇದೆ. ಸ್ಪೀಟ್ಸ್‌ನಲ್ಲಿ ಅದು ಎರಡಾಗಿ, ಒಂದು ತುಂಡು ತ್ಸ್ವೈಸಿಮೆನ್‌ಗೆ, ಇನ್ನೊಂದು ನಮ್ಮ ಕಡೆಗೆ ಹೋಗುತ್ತದೆ. ಬೆಂಗಳೂರಿನ ರಾತ್ರಿ ರೈಲು ಮಂಗಳೂರಿನಲ್ಲಿ ಒಡೆದು ಒಂದು ಕಣ್ಣೂರಿಗೆ, ಒಂದು ಕಾರವಾರಕ್ಕೆ ಹೋಗುತ್ತಿತ್ತಲ್ಲ, ಹಾಗೆ. ಬೋಗಿಯ ಮೇಲಿನ ಬೋರ್ಡ್ ನೋಡಿ ಹತ್ತಬೇಕು. ಟಿಕೆಟ್ ಚಿಂತೆ ನನಗಿರಲಿ. ಡೇ ಪಾಸ್ ಮುಂಚೆ ತೆಗೆದಷ್ಟು ಅಗ್ಗ, ಅದಕ್ಕೇ ನಿನ್ನ ಒಂದು 'ಹೂಂ' ಬೇಗ ಬೇಕು.

ಸ್ಟೇಷನ್‌ನಿಂದ ಕಾಲು ಗಂಟೆ ನಡೆದರೆ ಕೇಬಲ್ ಕಾರ್. ಅಲ್ಲಿಂದ ಕೆರೆಗೆ ಇಪ್ಪತ್ತೈದು ನಿಮಿಷದ ಅಗಲ ದಾರಿ ಇದೆ. ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವವರು, ಫೋಟೋ ತೆಗೆಸಿಕೊಳ್ಳುವವರು ಎಲ್ಲರೂ ಆ ದಾರಿ ಹಿಡಿಯುತ್ತಾರೆ. ನಾವು ಎಡಕ್ಕೆ ತಿರುಗಿ ಮೇಲೆ ಹತ್ತುತ್ತೇವೆ, ಹಾಯ್‌ಬೆರ್ಗ್ ಕಡೆಗೆ. 'ಹುಲ್ಲುಗುಡ್ಡ' ಅಂತ ಅರ್ಥ. ಮೊದಲ ಮುಕ್ಕಾಲು ಗಂಟೆ ಕಾಡಿನೊಳಗೆ ಬರೀ ಏರು. ಇಲ್ಲಿ ನೀನು ನನ್ನನ್ನು ಬೈಯುತ್ತೀಯ, ಬೈದುಕೋ. ಆಮೇಲೆ ಮರಗಳು ಚದುರುತ್ತವೆ, ದಾರಿ ಬಲಕ್ಕೆ ಬಳಸುತ್ತದೆ, ಥಟ್ಟನೆ ಕಾಲ ಕೆಳಗೆ ಕೆರೆ. ಬಣ್ಣ ಹೇಗೆ ಹೇಳಲಿ? ಹಿಮನದಿ ಕಲ್ಲನ್ನು ಹಿಟ್ಟಿನ ಹಾಗೆ ಅರೆದು ತರುತ್ತದೆ. ಆ ಹಿಟ್ಟು ನೀರಿನಲ್ಲಿ ತೇಲುತ್ತಾ ಬಿಸಿಲನ್ನು ಚದುರಿಸುತ್ತದೆ. ಹಾಗಾಗಿ ಪೂರ್ತಿ ನೀಲಿಯೂ ಅಲ್ಲ, ಹಸಿರೂ ಅಲ್ಲ. ಹಳೇ ಮನೆಗಳ ಕಿಟಕಿಗೆ ಬಳಿಯುತ್ತಿದ್ದ ಆಯಿಲ್ ಪೇಂಟಿನ ಹಸಿರಿಗೆ ಒಂದಿಷ್ಟು ಹಾಲು ಬೆರೆಸಿದ ಹಾಗೆ. ಬಾಡಿಗೆ ದೋಣಿಗಳು ಅಲ್ಲಿಂದ ಅಕ್ಕಿಕಾಳಿನಷ್ಟು ಕಾಣುತ್ತವೆ.

ಆ ಜಾಗದಲ್ಲಿ ಸುಮ್ನೆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರೋಣ. ದನಗಳ ಕೊರಳ ಗಂಟೆ ಕೇಳುತ್ತದೆ. ಅದರ ನಡುವೆ ಎದುರಿನ ಗೋಡೆಯಿಂದ ಆಗಾಗ ಚಟಪಟ ಅಂತ ಕಲ್ಲುರುಳುವ ಸದ್ದು. ಆಚೆ ದಡದ ಮೇಲೆ ಸ್ಪಿಟ್ಸರ್ ಸ್ಟೈನ್ ಅನ್ನೋ ಬಂಡೆಗುಡ್ಡ ಕೆಲವು ವರ್ಷಗಳಿಂದ ಜರಿಯುತ್ತಿದೆ. ಅದರ ಮೇಲೆ ಸದಾ ಉಪಕರಣಗಳ ಕಣ್ಣಿದೆ. ಕೆಳಗಿನ ಕೆಲವು ದಾರಿಗಳನ್ನು ಮುಚ್ಚಿದ್ದಾರೆ. ಗುಡ್ಡ ಜರಿದು ಹುಟ್ಟಿದ ಕೆರೆ ಅಂದೆನಲ್ಲ, ಆ ಕೆಲಸ ಇನ್ನೂ ಮುಗಿದಿಲ್ಲ. ಅಡ್ಡಪಟ್ಟಿ ದಾಟಿ ಫೋಟೋ ತೆಗೆಯುತ್ತೇನೆ ಅಂದರೆ ನಾನು ನಿನ್ನ ಗೆಳೆಯನೇ ಅಲ್ಲ.

ಅಲ್ಲಿಂದ ಮುಂದೆ ಓಬರ್‌ಬೆರ್ಗ್ಲಿ ಅನ್ನೋ ಹುಲ್ಲುಗಾವಲಿನವರೆಗೆ ಹೆಚ್ಚುಕಡಿಮೆ ಸಮತಟ್ಟು. ಬೆಟ್ಟದ ಪಕ್ಕೆಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವ ದಾರಿ, ಒಂದು ಕಡೆ ಇಳಿಜಾರು. ಕಲ್ಲಿನ ಮೇಲೆ ಬಿಳಿ-ಕೆಂಪು-ಬಿಳಿ ಪಟ್ಟೆ ಬಳಿದಿರುತ್ತಾರೆ, ಅಂದರೆ ಬೆಟ್ಟದ ದಾರಿ, ಗಟ್ಟಿ ಶೂ ಬೇಕು ಅಂತ. ಬಿಳಿ-ನೀಲಿ-ಬಿಳಿ ಕಂಡರೆ ನಮ್ಮಂಥವರಿಗಲ್ಲ. ಹಳದಿ ಕೈಕಂಬಗಳಲ್ಲಿ ಊರಿನ ಹೆಸರಿನ ಪಕ್ಕ ಕಿಲೋಮೀಟರ್ ಇರುವುದಿಲ್ಲ, ಗಂಟೆ-ನಿಮಿಷ ಇರುತ್ತದೆ. ಕೂತು ಅವಲಕ್ಕಿ ತಿಂದ ಸಮಯ, ನೀನು ಫೋಟೋ ತೆಗೆದ ಸಮಯ ಯಾವುದೂ ಅದರಲ್ಲಿ ಸೇರಿಲ್ಲ. ಸಮತಟ್ಟು ದಾರಿಯಲ್ಲಿ ಗಂಟೆಗೆ 4.2 ಕಿಲೋಮೀಟರ್ ಅಂತ ಅವರ ಲೆಕ್ಕ. ಇಡೀ ಸುತ್ತು ಎಂಟೂವರೆ ಕಿಲೋಮೀಟರ್ ಆಸುಪಾಸು, ಬೋರ್ಡಿನ ಪ್ರಕಾರ ಮೂರೂವರೆ ಗಂಟೆ ಒಳಗೆ. ನಮಗೆ ನಾನು ಐದೂವರೆ ಇಟ್ಟಿದ್ದೇನೆ.

ಹನ್ನೆರಡೂವರೆಗೆ ಓಬರ್‌ಬೆರ್ಗ್ಲಿ ಮುಟ್ಟದಿದ್ದರೆ ಬಂದ ದಾರಿಯಲ್ಲೇ ವಾಪಸ್. ಇದರ ಬಗ್ಗೆ ಅಲ್ಲಿ ಚರ್ಚೆ ಇಲ್ಲ, ಈಗಲೇ ಹೂಂ ಅನ್ನು. ಕೊನೆಯ ಕೇಬಲ್ ಕಾರ್ ತಪ್ಪಿದರೆ ಊರಿಗೆ ಇನ್ನೂ ನಾನೂರು ಮೀಟರ್ ಕಾಲಿನಲ್ಲಿ ಇಳಿಯಬೇಕು. ನಿನ್ನ ಎಡಮಂಡಿಯ ಕಥೆ ಅತ್ತೆ ಫೋನಿನಲ್ಲಿ ಹೇಳಿದ್ದಾರೆ. ಓಬರ್‌ಬೆರ್ಗ್ಲಿಯಿಂದ ಕೆರೆಗೆ ಇಳಿಯುವ ದಾರಿಯೇ ಕಡಿದು, 400 ಮೀಟರ್ ಇಳಿತ. ಮಂಡಿಯ ಪರೀಕ್ಷೆ ಅಲ್ಲೇ. ಎರಡು ಊರುಗೋಲು ನನ್ನ ಹತ್ತಿರ ಇವೆ. ಅದನ್ನು ಹಿಡಿದರೆ ಮುದುಕನ ಹಾಗೆ ಕಾಣುತ್ತೇನೆ ಅಂತ ನಾಟಕ ಬೇಡ, ಇಲ್ಲಿ ಇಪ್ಪತ್ತರ ಹುಡುಗರೂ ಹಿಡಿಯುತ್ತಾರೆ.

ಹವಾಮಾನ ಗುರುವಾರ ರಾತ್ರಿ ನೋಡೋಣ, ಮತ್ತೆ ಶುಕ್ರವಾರ ರಾತ್ರಿ ನೋಡೋಣ. ಮಧ್ಯಾಹ್ನದ ಮೇಲೆ ಗುಡುಗು ಅಂತ ಹೇಳಿದರೆ ಶನಿವಾರದ್ದನ್ನು ಭಾನುವಾರಕ್ಕೆ ತಳ್ಳೋಣ, ನಿನ್ನ ಯುಂಗ್‌ಫ್ರಾವ್ ಹೋದರೆ ಹೋಗಲಿ. ಬೆತ್ತಲೆ ಬೆಟ್ಟದ ಮೇಲೆ ಸಿಡಿಲಿಗೆ ಸಿಗುವುದಕ್ಕಿಂತ ಮನೆಯಲ್ಲಿ ಬೋಂಡಾ ಮಾಡಿಕೊಂಡು ತಿನ್ನಬಹುದು. ಬೆಳಗ್ಗೆ ಏಳೆಂಟು ಡಿಗ್ರಿ ಇದ್ದು ಮಧ್ಯಾಹ್ನ ಅಂಗಿ ಬಿಚ್ಚುವಂತಾದರೂ ಆಶ್ಚರ್ಯ ಇಲ್ಲ. ಅದಕ್ಕೆ ಒಂದು ದಪ್ಪ ಜಾಕೆಟ್ ಬೇಡ, ಮೂರು ತೆಳು ಬಟ್ಟೆ ತಾ. ಮಳೆಕೋಟು ಬೇಕು, ಛತ್ರಿ ಬೇಡ. ನಿನ್ನ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬೆಟ್ಟದಿಂದ ಎತ್ತಿಕೊಂಡು ಬರುವ ಖರ್ಚು ಸೇರಿದೆಯಾ ಅಂತ ಒಂದು ಸಲ ಓದು. ಇಲ್ಲಿ 1414ಕ್ಕೆ ಫೋನ್ ಮಾಡಿದರೆ ಹೆಲಿಕಾಪ್ಟರ್ ಬರುತ್ತದೆ, ಬಿಲ್ಲೂ ಬರುತ್ತದೆ.

ದಾರಿಯಲ್ಲಿ ದನ ಅಡ್ಡ ಸಿಗಬಹುದು. ನಮ್ಮೂರ ದನದ ಹಾಗೆ ಬೆನ್ನು ಸವರಲು ಹೋಗಬೇಡ, ಕರು ಜೊತೆಗಿದ್ದರೆ ದೂರದಿಂದ ಬಳಸಿ ಹೋಗಬೇಕು. ಎದುರಿಗೆ ಬಂದವರೆಲ್ಲ 'ಗ್ರುಯೆಸೆಖ್' ಅನ್ನುತ್ತಾರೆ, ನೀನೂ ಅನ್ನು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೂ ಮಾತಾಡದ ಈ ಜನ ಬೆಟ್ಟದಲ್ಲಿ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ. ನನಗೆ ಇದು ಇನ್ನೂ ಬಿಡಿಸದ ಒಗಟು.

ಊಟಕ್ಕೆ ಚಪಾತಿ ರೋಲು, ಒಂದು ಡಬ್ಬಿ ಪುಳಿಯೋಗರೆ ನಾನು ಕಟ್ಟುತ್ತೇನೆ. ಕೆರೆದಂಡೆಯಲ್ಲಿ ಹೋಟೆಲ್ ಇದೆ, ಕಾಫಿಗೆ ಅಲ್ಲಿ ಕೂರೋಣ. ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಬೇಡ, ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ದಾರಿಬದಿಯ ನಲ್ಲಿ ನೀರು ಕುಡಿಯಬಹುದು, ಕುಡಿಯಬೇಡಿ ಅಂತ ಬೋರ್ಡ್ ಇದ್ದರೆ ಮಾತ್ರ ಬಿಡಬೇಕು.

ಇನ್ನು ನೀನು ತರಬೇಕಾದ್ದು. ಅಮ್ಮನ ಕೈಯ ಶೇಂಗಾ ಚಟ್ನಿಪುಡಿ, ಕಾಲು ಕೆಜಿ ಸಾಕು ಅಂತ ಹೇಳುತ್ತೇನೆ, ನೀನು ಅರ್ಧ ತಾ. ಧಾರವಾಡ ಪೇಡ, ತುಪ್ಪ ತರಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಇದನ್ನು ಬರೆಯುವಾಗ ನನಗೆ ಎಷ್ಟು ಸಂಕಟ ಆಗುತ್ತಿದೆ ಅಂತ ನಿನಗೆ ಗೊತ್ತಾಗಬೇಕು.

ಶೂ ಕೊಳ್ಳಬೇಡ. ಹೊಸ ಶೂ ಹಾಕಿಕೊಂಡು ಬೆಟ್ಟ ಹತ್ತಿದರೆ ಹಿಮ್ಮಡಿ ಬೊಬ್ಬೆ ಏಳುತ್ತದೆ. ಪಕ್ಕದ ಮನೆಯವರ ಬಳಿ ಒಂದು ಜೊತೆ ಇದೆ, ಕೇಳಿಟ್ಟಿದ್ದೇನೆ, ಒಂಬತ್ತು ನಂಬರ್. ನಿನ್ನ ಕಾಲು ಆಗ ಒಂಬತ್ತೇ ಇತ್ತು, ಅಲ್ವಾ? ಈಗ ದಪ್ಪ ಆಗಿದ್ದೀಯ, ಕಾಲೂ ಬೆಳೆದಿರಬಹುದು. ಅಳೆದು ಇವತ್ತೇ ಮೆಸೇಜ್ ಹಾಕು.

ನಿನ್ನ,
ಗಿರೀಶ